ಫೋಟೋದ ಅಂಚಿನ ನಾಲ್ಕು ಬೆರಳು

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಹಲ್ಲಕ್ಕನನ್ನು ಕಂಡಿರಲಿಲ್ಲ. ಕಂಡಿದ್ದರೆ ಗಾದೆಯ ಎರಡನೆಯ ಅರ್ಧವನ್ನು ತಿದ್ದಿಕೊಳ್ಳುತ್ತಿದ್ದ. ಹಲ್ಲಿಲ್ಲದವರಿಗೆ ಹಲ್ಲು ಕೂರಿಸುವುದೇ ಅವಳ ಕಸುಬು. ಬಸ್ ನಿಲ್ದಾಣದ ಹಿಂದಿನ ರಸ್ತೆಯ ಹಳೆಯ ಕಟ್ಟಡ, ಎರಡನೆಯ ಮಹಡಿಯ ಲ್ಯಾಬು, ಕಿಟಕಿಯ ಪಕ್ಕದ ಮೇಜು. ಮೂವತ್ತೈದು ವರ್ಷದಿಂದ ಅವಳ ಜಾಗ ಅದೇ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಲ್ಯಾಬಿನವರು ಅದರೊಳಗೆ ಪ್ಲಾಸ್ಟರ್ ಸುರಿದು ವಸಡನ್ನು ಎರಕ ಹೊಯ್ಯುತ್ತಾರೆ. ಆ ವಸಡಿನ ಮೇಲೆ ಗುಲಾಬಿ ಬಣ್ಣದ ಮೇಣ ಕಟ್ಟಿ, ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಚಾಕುವಿನಿಂದ ಒಂದೊಂದೇ ಹಲ್ಲು ನೆಡುವವಳು ಇವಳು. ಇಡೀ ಕಟ್ಟಡಕ್ಕೆ ಹಲ್ಲಕ್ಕ. ಐವತ್ತೇಳು ವಯಸ್ಸು, ಸ್ವಂತದ್ದು ಮೂವತ್ತು ಹಲ್ಲು, ಮದುವೆ ಇಲ್ಲ.

ಅವಳದ್ದೊಂದು ನೇಮವಿತ್ತು. ಯಾರ ಹಲ್ಲು ಕೂರಿಸುತ್ತಾಳೋ ಅವರ ಮುಖ ನೋಡುವುದಿಲ್ಲ. ಡಾಕ್ಟರುಗಳು ಕರೆದರೂ ಹೋಗುತ್ತಿರಲಿಲ್ಲ. ಮುಖ ನೋಡಿದರೆ ಮರುಕ ಹುಟ್ಟುತ್ತದೆ, ಮರುಕ ಹುಟ್ಟಿದರೆ ಹಲ್ಲು ವಯಸ್ಸಿಗೆ ಮೀರಿ ಬೆಳ್ಳಗಾಗುತ್ತದೆ ಎಂಬುದು ಅವಳ ವಾದ. ಎಪ್ಪತ್ತರ ಮುದುಕನ ಬಾಯಲ್ಲಿ ಇಪ್ಪತ್ತರ ಹಲ್ಲು ಕೂತರೆ ಅವನು ನಕ್ಕಾಗಲೆಲ್ಲ ಜನ ನಗುತ್ತಾರೆ. ಅಚ್ಚು ಸಾಕು, ಮುಖ ಬೇಡ.

ಆ ಸೋಮವಾರ ಬಂದ ಪೊಟ್ಟಣದಲ್ಲಿ ಅಚ್ಚಿನ ಜೊತೆ ಒಂದು ಲಕೋಟೆ ಇತ್ತು. ಡಾಕ್ಟರಮ್ಮನ ಚೀಟಿಯಲ್ಲಿ ಹೆಸರಿಲ್ಲ, ಎಂದಿನಂತೆ ಬರಿಯ ನಂಬರು. ‘ಗಂಡಸು, ಅರವತ್ತು ವರ್ಷ, ಮೇಲೆ ಕೆಳಗೆ ಎರಡೂ ಸೆಟ್. ತನ್ನ ಹಳೆಯ ಹಲ್ಲಿನ ಹಾಗೇ ಬೇಕಂತೆ. ಫೋಟೋ ಇಟ್ಟಿದ್ದೇನೆ, ಜೋಪಾನ, ವಾಪಸ್ ಕೊಡಬೇಕು.’ ಇಂಥ ಆಸೆಯವರು ಆಗಾಗ ಬರುತ್ತಾರೆ. ಹೋದ ಹಲ್ಲಿನ ನೆನಪಿಗೆ ಮದುವೆಯ ಫೋಟೋ, ಪಾಸ್‌ಪೋರ್ಟ್ ಫೋಟೋ, ಏನೇನೋ ಕಳಿಸುತ್ತಾರೆ. ಹಲ್ಲಕ್ಕ ಭೂತಗನ್ನಡಿ ಎಳೆದುಕೊಂಡು ಲಕೋಟೆ ಬಿಚ್ಚಿದಳು.

ಇಪ್ಪತ್ತೆಂಟು ವರ್ಷದ ಒಬ್ಬ ಯುವಕ ನದಿಯ ದಂಡೆಯಲ್ಲಿ ನಿಂತು ಬಾಯ್ತುಂಬ ನಗುತ್ತಿದ್ದ. ಮುಖ ಒಂದು ಪಕ್ಕಕ್ಕೆ ತಿರುಗಿತ್ತು, ಬಲಗಡೆಯ ಹಲ್ಲೆಲ್ಲ ಬೆಳಕಿನಲ್ಲಿ, ಎಡಗಡೆಯವು ನೆರಳಿನಲ್ಲಿ. ಮುಂದಿನ ಹಲ್ಲಿನ ಮೂಲೆ ಚೂರು ಮುರಿದಿತ್ತು. ಫೋಟೋವನ್ನು ಯಾರೋ ಕತ್ತರಿಯಿಂದ ಉದ್ದಕ್ಕೂ ಕತ್ತರಿಸಿದ್ದರು. ಕತ್ತರಿಸಿದ ಅಂಚಿನಲ್ಲಿ, ಅವನ ಭುಜದ ಮೇಲೆ, ನಾಲ್ಕು ಬೆರಳು ಉಳಿದುಕೊಂಡಿದ್ದವು. ತೋರುಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು.

ಹಲ್ಲಕ್ಕ ತನ್ನ ಎಡಗೈಯನ್ನು ಫೋಟೋದ ಪಕ್ಕದಲ್ಲಿಟ್ಟಳು. ತೋರುಬೆರಳಿನ ಮೇಲೆ ಉಗುರಿನಿಂದ ಗಿಣ್ಣಿನವರೆಗೆ ಬಿಳಿಯ ಗೆರೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷದಲ್ಲಿ ಕಾದ ಚಾಕು ಕೊಟ್ಟ ಬರೆ ಅದು. ಬಟ್ಟೆ ಕಟ್ಟಿಕೊಂಡೇ ನದಿಗೆ ಹೋಗಿದ್ದಳು. ಆ ಬೆರಳುಗಳು ಅವಳವೇ.

ಅವನ ವಿಷಯ ಹೇಳಲೇಬೇಕು. ಈಗ ಕೆಳಗೆ ಮೊಬೈಲ್ ಅಂಗಡಿ ಇರುವಲ್ಲಿ ಆಗ ಚಪ್ಪಲಿ ಅಂಗಡಿ ಇತ್ತು, ಅವನು ಅಲ್ಲಿ ಕೆಲಸಕ್ಕಿದ್ದ. ಹಲ್ಲಕ್ಕನ ತಂಗಿ ಅವನಿಗೆ ಇಟ್ಟ ಹೆಸರು ‘ಆರು ವರ್ಷದ ಆಸಾಮಿ’. ಯಾಕೆಂದರೆ ಆರು ವರ್ಷ ಅವನು ಅಕ್ಕನ ಮೂಗಿಗೆ ತುಪ್ಪ ಸವರಿದ. ಮೊದಲು ತಮ್ಮನ ಪರೀಕ್ಷೆ ಮುಗಿಯಲಿ ಎಂದ. ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ ಆಗಲಿ ಎಂದ. ಕಣ್ಣು ಬಂದಮೇಲೆ, ಸ್ವಂತ ಅಂಗಡಿ ಇಟ್ಟೇ ಮದುವೆ ಎಂದ. ಹಲ್ಲಕ್ಕ ಎಲ್ಲದಕ್ಕೂ ಹೂಂಗುಟ್ಟಿದಳು. ಒಂದು ಸಲ ಇವಳ ಮುಂದೆ ಜಂಬ ಕೊಚ್ಚಲು ಹೋಗಿ ಬಾಟಲಿಯ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದ. ಮುಚ್ಚಳ ಬಂತು, ಹಲ್ಲಿನ ಚೂರೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆರನೆಯ ವರ್ಷದ ಕೊನೆಯಲ್ಲಿ, ಊಟದ ಬಿಡುವಿನಲ್ಲಿ, ಇದೇ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಅವನು ವಿಷಯ ಹೇಳಿದ. ಚಪ್ಪಲಿಯ ದೊಡ್ಡ ವ್ಯಾಪಾರಿಯೊಬ್ಬನ ಮಗಳು. ಮಾತುಕತೆ ಮುಗಿದಿದೆ. “ಆ ಹುಡುಗಿ ತುಂಬ ಸೂಕ್ಷ್ಮ. ಈಗ ಬೇಡ ಅಂದ್ರೆ ತಡ್ಕೊಳ್ಳಲ್ಲ. ನೀನು ಗಟ್ಟಿ, ತಡ್ಕೋತೀಯ.”

ಹಲ್ಲಕ್ಕ ಅದಕ್ಕೂ ಹೂಂ ಎಂದಳು. ಮೇಲೆ ಬಂದು ಮಧ್ಯಾಹ್ನವೆಲ್ಲ ಕೂತು ಯಾರದೋ ಬಾಯಿಗೆ ಹದಿನಾಲ್ಕು ಹಲ್ಲು ಕೂರಿಸಿದಳು. ಒಂದೂ ಸೊಟ್ಟಗಾಗಲಿಲ್ಲ. ಇಷ್ಟು ವರ್ಷ ಅವಳನ್ನು ಕೊರೆದದ್ದು ಅವನು ಬಿಟ್ಟು ಹೋದದ್ದಕ್ಕಿಂತ ಹೆಚ್ಚಾಗಿ ಆ ಹದಿನಾಲ್ಕು ನೆಟ್ಟಗಿನ ಹಲ್ಲು. ಒಂದಾದರೂ ಸೊಟ್ಟಗಾಗಬಾರದಿತ್ತೇ? ಒಂದು ಕೂಗು, ಒಂದು ಬೈಗುಳ, ನಾಲ್ಕು ಹನಿ ಕಣ್ಣೀರು, ಏನೂ ಬರಲಿಲ್ಲ. ಗಟ್ಟಿ ಎಂದನಲ್ಲ, ಆ ಮಾತನ್ನು ನಿಜ ಮಾಡಲು ಹೊರಟವಳ ಹಾಗೆ ಒಣಗಿ ಕೂತಳು. ಮನಸ್ಸು ಮುರಿದವರು ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ ಎಂದು ಕೇಳಿದ್ದಳು. ಅವಳು ಎರಡನ್ನೂ ಬಿಡಲಿಲ್ಲ. ಚಪ್ಪಲಿ ಅಂಗಡಿಗೆ ಹೋಗುವುದನ್ನು ಮಾತ್ರ ಬಿಟ್ಟಳು. ಇಪ್ಪತ್ತೊಂಬತ್ತು ವರ್ಷದಿಂದ ಅವಳ ತಂಗಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ವಿಧವೆ, ಅಕ್ಕನ ಪಾದವನ್ನು ಹಳೆಯ ಪೇಪರಿನ ಮೇಲೆ ಇಡಿಸಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಕತ್ತರಿಸಿ, ಆ ಕಾಗದದ ಪಾದವನ್ನು ಅಂಗಡಿಗೆ ಒಯ್ದು ಚಪ್ಪಲಿ ತರುತ್ತಾಳೆ. ಅಂಗಡಿಯವರು ಪಾದದ ಒಡತಿಗೆ ಕಾಲು ಬಾರದು ಎಂದು ತಿಳಿದು ಕನಿಕರಪಡುತ್ತಾರಂತೆ.

ಅಂಥವಳ ಮೇಜಿನ ಮೇಲೆ ಈಗ ಆ ಫೋಟೋ.

ಮೊದಲು ಬಂದದ್ದು ಸಿಟ್ಟಲ್ಲ, ಹೇಳಿದರೆ ನಾಚಿಕೆ, ಸಂತೋಷ. ಇಟ್ಟುಕೊಂಡಿದ್ದಾನೆ! ಇಷ್ಟು ವರ್ಷ ಇಟ್ಟುಕೊಂಡಿದ್ದಾನೆ. ಮುಖ ಕತ್ತರಿಸಿದ್ದಾನೆ, ಸರಿ, ಸಂಸಾರಸ್ಥ, ಕತ್ತರಿಸಲೇಬೇಕಿತ್ತು. ಆದರೆ ಬೆರಳು ಬಿಟ್ಟಿದ್ದಾನೆ. ಇನ್ನೊಂದು ಕೂದಲೆಳೆ ಈಚೆಗೆ ಕತ್ತರಿ ಹಾಕಿದ್ದರೆ ಅವೂ ಹೋಗುತ್ತಿದ್ದವು. ಬೇಕೆಂದೇ ಬಿಟ್ಟಿರಬೇಕು. ಐವತ್ತೇಳರ ಹೆಂಗಸಿನ ಎದೆ ಹದಿನೇಳರ ಹುಡುಗಿಯ ಹಾಗೆ ಹಾರಿತು. ಒಂದೇ ಒಂದು ವಿಷಯ ತಿಳಿಯಬೇಕಿತ್ತು ಅವಳಿಗೆ: ಈ ಫೋಟೋ ಯಾಕೆ ಇಟ್ಟುಕೊಂಡ? ಅದಕ್ಕೆ ಉತ್ತರ ಸಿಕ್ಕರೆ ಇಷ್ಟು ವರ್ಷಕ್ಕೆ ಒಂದು ಅರ್ಥ ಸಿಕ್ಕ ಹಾಗೆ.

ಮೂರು ದಿನ ಹಲ್ಲು ಕೂರಿಸಿದಳು. ಬಲಗಡೆಯವನ್ನು ಫೋಟೋ ನೋಡಿ ನೆಟ್ಟಳು, ಮುರಿದ ಮೂಲೆಯನ್ನು ಅರದಿಂದ ಉಜ್ಜಿ ಹಾಗೇ ತಂದಳು. ಎಡಗಡೆಗೆ ಬಂದಾಗ ಕೈ ನಿಂತಿತು. ಫೋಟೋದಲ್ಲಿ ಎಡಗಡೆ ಕಾಣುವುದಿಲ್ಲ, ಕಾಣದ್ದನ್ನು ನೇರವಾಗಿ ಕೂರಿಸಬೇಕು ಎಂಬುದು ಲ್ಯಾಬಿನ ರೂಢಿ. ಆದರೆ ಅವನ ಎಡಗಡೆಯ ಕೋರೆಹಲ್ಲು ಒಳಕ್ಕೆ ತಿರುಗಿತ್ತು. ಅದರ ಬಗ್ಗೆ ಅವನಿಗೆ ನಾಚಿಕೆ, ಅದಕ್ಕೇ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ. ಹಲ್ಲಕ್ಕನಿಗೆ ಆ ಹಲ್ಲಿನ ಮೇಲೇ ಪ್ರೀತಿ. “ಉಳಿದವೆಲ್ಲ ಗಿರಾಕಿಗಳಿಗೆ, ಇದೊಂದು ನನಗೆ” ಎಂದು ಅವನ ಕೆನ್ನೆ ಹಿಂಡಿ ಹೇಳಿದ್ದಳು. ಈಗ ಚಾಕು ಕಾಯಿಸಿ, ಮೇಣ ಕರಗಿಸಿ, ಆ ಕೋರೆಹಲ್ಲನ್ನು ನೆನಪಿದ್ದಷ್ಟೇ ಒಳಕ್ಕೆ ತಿರುಗಿಸಿ ನೆಟ್ಟಳು. ಇದನ್ನು ಬಲ್ಲವರು ಲೋಕದಲ್ಲಿ ಇಬ್ಬರೇ. ಕನ್ನಡಿಯಲ್ಲಿ ನೋಡಿಕೊಂಡ ಕೂಡಲೇ ಇದು ಯಾರ ಕೈಕೆಲಸ ಎಂದು ಅವನಿಗೆ ತಿಳಿಯುತ್ತದೆ.

ಮೇಣದ ಸೆಟ್ಟನ್ನು ರೋಗಿಯ ಬಾಯಲ್ಲಿಟ್ಟು ನೋಡುವ ದಿನ ಅವಳು ಲ್ಯಾಬಿನ ಯಜಮಾನರ ಮುಂದೆ ನಿಂತಳು. “ನಾನೂ ಹೋಗಿ ಬರ್ತೀನಿ. ಅಲ್ಲೇ ತಿದ್ದಬೇಕಾಗಬಹುದು.”

ಯಜಮಾನರು ಕನ್ನಡಕ ಹಣೆಗೇರಿಸಿದರು. “ನೀವಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?”

ಡಾಕ್ಟರಮ್ಮನ ಕೋಣೆಯಲ್ಲಿ ಇವಳಿಗೂ ಮಾಸ್ಕು, ಟೋಪಿ ಕೊಟ್ಟರು. ಕುರ್ಚಿಯಲ್ಲಿ ಮಲಗಿದ್ದವನಿಗೆ ಇವಳ ಕಣ್ಣಷ್ಟೇ ಕಾಣುತ್ತಿತ್ತು. ಅವನು ದಪ್ಪಗಾಗಿದ್ದ. ತಲೆ ಬೋಳಾಗಿತ್ತು. ಬಾಯಲ್ಲಿ ಹಲ್ಲಿಲ್ಲದೆ ಕೆನ್ನೆಗಳು ಒಳಗೆ ಹೋಗಿದ್ದವು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ, ಸಣಕಲು ಹೆಂಗಸು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಹಲ್ಲಕ್ಕನನ್ನು ಕಂಡು ನಕ್ಕು, “ಬನ್ನಿ ಬನ್ನಿ, ನೀವೇನಾ ಮಾಡಿದ್ದು?” ಎಂದು ತನ್ನ ಮನೆಗೇ ಕರೆಯುವವಳ ಹಾಗೆ ಕರೆದಳು. ಅವಳನ್ನು ದ್ವೇಷಿಸಲು ಹಲ್ಲಕ್ಕ ಬಹಳ ವರ್ಷದಿಂದ ಸಿದ್ಧವಾಗಿದ್ದಳು. ಆ ನಗು ಅದಕ್ಕೂ ಕಲ್ಲು ಹಾಕಿತು.

ಡಾಕ್ಟರಮ್ಮ ಸೆಟ್ಟು ಇಟ್ಟು ಅವನ ಕೈಗೆ ಕನ್ನಡಿ ಕೊಟ್ಟರು. ಅವನು ತುಟಿ ಎತ್ತಿ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ.

“ಬಲಗಡೆ ಅಂತೂ ಅಚ್ಚು ಹೊಡ್ದ ಹಾಗಿದೆ” ಎಂದಳು ಹೆಂಡತಿ. “ಆ ಚೂರು ಮುರಿದಿರೋದೂ ಬಂದಿದೆ ನೋಡಿ. ಎಡಗಡೆ ಯಾಕೋ...”

“ಎಡಗಡೆ ತಪ್ಪಾಗಿದೆ” ಎಂದ ಅವನು. “ಒಂದು ಹಲ್ಲು ಒಳಗೆ ತಿರುಗಿದೆ. ನನಗೆ ಇಂಥದ್ದು ಇರ್ಲೇ ಇಲ್ಲ.”

“ಇತ್ತು.”

ಮಾತು ಹಲ್ಲಕ್ಕನ ಬಾಯಿಂದ ಜಾರಿತು. ಡಾಕ್ಟರಮ್ಮ ತಿರುಗಿ ನೋಡಿದರು. “ಫೋಟೋದಲ್ಲಿ ಆ ಕಡೆ ಕಾಣೋದೇ ಇಲ್ಲವಲ್ಲ ಅಕ್ಕಾ. ಹೇಗೆ ಹೇಳ್ತೀರಿ?”

“ದವಡೆ ನೋಡಿದ್ರೆ ಗೊತ್ತಾಗುತ್ತೆ.”

“ನನ್ನ ಹಲ್ಲು ನನಗೆ ಗೊತ್ತಿರಲ್ವಾ ಮೇಡಂ?” ಎಂದು ಅವನು ನಕ್ಕ. ಚಪ್ಪಲಿ ಕಾಲಿಗೆ ಬಿಗಿಯಾಯಿತು ಎನ್ನುವ ಗಿರಾಕಿಗೆ, ಹಾಕಿ ಹಾಕಿ ಸಡಿಲ ಆಗುತ್ತೆ ಎಂದು ಸಮಾಧಾನ ಹೇಳುವಾಗ ನಗುತ್ತಿದ್ದ ನಗು ಅದೇ.

ಹೆಂಡತಿ ನ್ಯಾಯ ತೀರಿಸಲು ಮುಂದೆ ಬಾಗಿದಳು. “ಅಲ್ಲೊಂದು ಹಲ್ಲನ್ನ ಮದುವೆಗೆ ಮುಂಚೆ ಕೀಳಿಸಿ ಬೇರೆ ಕಟ್ಟಿಸಿದ್ರಂತೆ. ನಾನು ನೋಡಿದಾಗಿಂದ ನೇರಾನೇ.”

ಕೀಳಿಸಿದ್ದ. ‘ಇದೊಂದು ನನಗೆ’ ಎಂದವಳ ಹಲ್ಲನ್ನು ಮದುವೆಗೆ ಮುಂಚೆಯೇ ಇಕ್ಕಳ ಹಾಕಿ ಕೀಳಿಸಿ, ಈಗ ಇರಲೇ ಇಲ್ಲ ಎನ್ನುತ್ತಿದ್ದ. ಹಲ್ಲಕ್ಕನಿಗೆ ನೋವಾಯಿತು. ಇನ್ನೂ ಫೋಟೋ ಒಂದಿದೆ ಎಂದು ಮನಸ್ಸಿಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಫೋಟೋದ ಮಾತೂ ಬಂತು. “ಅದನ್ನ ಮಾತ್ರ ಹುಷಾರಾಗಿ ವಾಪಸ್ ಕೊಡಿ” ಎಂದಳು ಹೆಂಡತಿ. “ಆಗಿನದ್ದು ಅಂತ ನಮ್ಮ ಹತ್ರ ಇರೋದು ಅದೊಂದೇ. ನಾನೂ ಪಕ್ಕದಲ್ಲೇ ಇದ್ದೆ. ಆ ಭಾಗ ನೀರು ಬಿದ್ದು ಹಾಳಾಯ್ತು ಅಂತ ಇವರು ಕತ್ತರಿಸಿದ್ರು. ಕೈ ಒಂದು ಉಳ್ಕೊಂಡಿದೆ ನೋಡಿ ಭುಜದ ಮೇಲೆ, ಅದು ನಂದೇ.”

ಕೋಣೆಯಲ್ಲಿ ನಲ್ಲಿಯ ನೀರು ಬೇಸಿನ್ನಿಗೆ ಸಣ್ಣಗೆ ಬೀಳುತ್ತಿತ್ತು.

“ಬೆರಳಿಗೆ ಬಟ್ಟೆ ಕಟ್ಟಿದೆಯಲ್ಲಾ” ಎಂದಳು ಹಲ್ಲಕ್ಕ.

“ಅಯ್ಯೋ, ನನಗೆ ಒಂಚೂರೂ ನೆನಪಿಲ್ಲ. ಕೈ ಕುಯ್ಕೊಳ್ಳೋದು ನನಗೆ ದಿನಾ ಇದ್ದಿದ್ದೇ. ಬಟ್ಟೆ ತಾನೇ ಕಟ್ಟಿದ್ದು ಅಂತ ಇವರು ಹೇಳ್ತಾರೆ. ಈಗ ಒಂದು ಕ್ಷಣ ಕೂತು ಮಾತಾಡಿಸಲ್ಲ ಇವರು. ಆಗ ಹಾಗಿದ್ರಲ್ಲ ಅಂತ ನೋಡ್ಕೊಳ್ಳೋಕೆ ನಾನೇ ಫ್ರೇಮ್ ಹಾಕಿಸಿದ್ದೀನಿ.”

ಹಸಿ ಸುಳ್ಳು. ಆ ಬಟ್ಟೆ ಕಟ್ಟಿದ್ದು ತಂಗಿ, ಹಳೆಯ ದುಪ್ಪಟಿಯ ಅಂಚು ಹರಿದು. ಎಷ್ಟೋ ವರ್ಷದ ಹಿಂದೆ ಪೆಟ್ಟಿಗೆಯಲ್ಲಿ ಹೆಂಡತಿಯ ಕೈಗೆ ಫೋಟೋ ಸಿಕ್ಕಿರಬೇಕು, ಯಾರ ಕೈ ಎಂದು ಕೇಳಿರಬೇಕು, ಇವನು ಕಣ್ಣು ಮಿಟುಕಿಸದೆ ನಿನ್ನದೇ ಎಂದಿರಬೇಕು. ಒಬ್ಬಳ ಬೆರಳು ತೆಗೆದು ಇನ್ನೊಬ್ಬಳಿಗೆ ಕೊಟ್ಟ, ಒಂದೇ ಏಟಿಗೆ ಇಬ್ಬರ ಕಿವಿಗೂ ಹೂವಿಟ್ಟ. ಆ ಬಡಪಾಯಿ ಅದಕ್ಕೆ ಫ್ರೇಮ್ ಹಾಕಿಸಿ ನಿತ್ಯ ನೋಡುತ್ತಿದ್ದಾಳೆ.

“ಕೊಡಿ, ತಿದ್ತೀನಿ” ಎಂದು ಹಲ್ಲಕ್ಕ ಸೆಟ್ಟನ್ನು ತೆಗೆದುಕೊಂಡಳು. ಕುರ್ಚಿಯ ಪಕ್ಕದ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚಿ ಚಾಕು ಕಾಯಿಸಿದಳು. ಎಡಗೈಯ ಬೆರಳುಗಳಲ್ಲಿ ಮೇಣದ ಸೆಟ್ಟು, ಮೇಲಿನ ದೊಡ್ಡ ದೀಪದ ಬೆಳಕು ನೇರ ಅವುಗಳ ಮೇಲೆ. ತಲೆ ತಿರುಗಿಸಿ ನೋಡುತ್ತಿದ್ದವನ ಕಣ್ಣು ತೋರುಬೆರಳಿನ ಬಿಳಿಯ ಗೆರೆಯ ಮೇಲೆ ಬಿತ್ತು. ಅಲ್ಲಿಂದ ಮಾಸ್ಕಿಗೆ, ಮಾಸ್ಕಿನ ಮೇಲಿನ ಕಣ್ಣಿಗೆ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಗೊತ್ತಾಯಿತು ಅವನಿಗೆ. ಹಲ್ಲಕ್ಕ ಚಾಕುವನ್ನು ಹಾಗೇ ಹಿಡಿದು ಕಾದಳು. ತನ್ನ ಹೆಸರು ಹೇಳಲಿ ಎಂದಲ್ಲ. ‘ಹೌದು, ಆ ಹಲ್ಲು ಹಾಗೇ ಇತ್ತು’ ಎಂದರೆ ಸಾಕಿತ್ತು. ಉಳಿದ ಎಲ್ಲವನ್ನೂ ಅವಳು ಮಾಫಿ ಮಾಡಲು ತಯಾರಿದ್ದಳು, ಅಂಥ ದಡ್ಡಿ. ಅವನು ಕಣ್ಣು ಮುಚ್ಚಿಕೊಂಡು ಬೊಚ್ಚುಬಾಯಲ್ಲಿ, “ನೇರ ಮಾಡಿಬಿಡಿ” ಎಂದ.

ಮೇಣ ಕರಗಲು ಹತ್ತು ಎಣಿಸುವಷ್ಟು ಹೊತ್ತು ಸಾಕು. ಹೆಬ್ಬೆರಳಿನಿಂದ ಒಂದು ಸಲ ಒತ್ತಿದಳು. ಕೋರೆಹಲ್ಲು ಸಾಲಿನಲ್ಲಿ ಬಂದು ನಿಂತಿತು. ಮತ್ತೆ ಬಾಯಲ್ಲಿಟ್ಟಾಗ ಅವನು ಎಲ್ಲರ ಹಾಗೆ ನಕ್ಕ, ಹೆಂಡತಿ ಚಪ್ಪಾಳೆ ತಟ್ಟಿದಳು.

ಹೆಂಡತಿ ಮುಂದಿನ ದಿನಾಂಕ ಬರೆಸಿಕೊಳ್ಳುತ್ತಿದ್ದಾಗ ಅವನು ಹೊರಗಿನ ಓಣಿಗೆ ಬಂದ. ಸೆಟ್ಟು ಡಬ್ಬಿಯೊಳಗೆ ಹಲ್ಲಕ್ಕನ ಚೀಲದಲ್ಲಿತ್ತು, ಅವನ ಅಂಗೈ ಬಾಯಿಗೆ ಅಡ್ಡವಾಗಿತ್ತು. ಹಲ್ಲಕ್ಕ ಮಾಸ್ಕು ತೆಗೆದಳು.

“ಅವಳಿಗೆ ಏನೂ ಹೇಳ್ಬೇಡ” ಎಂದ. ‘ಹೇಗಿದ್ದೀಯ’ ಇಲ್ಲ, ‘ಎಷ್ಟು ವರ್ಷವಾಯಿತು’ ಇಲ್ಲ. “ಅವಳು ಸೂಕ್ಷ್ಮ, ತಡ್ಕೊಳ್ಳಲ್ಲ. ನೀನು ಗಟ್ಟಿ...”

“ಆ ಫೋಟೋ ಯಾಕೆ ಇಟ್ಕೊಂಡೆ?”

ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಪಾಪ, ಸುಳ್ಳು ಹೇಳಲು ಸಮಯವಿರಲಿಲ್ಲ.

“ಅದರಲ್ಲಿ ನಾನು ಚೆನ್ನಾಗಿ ಬಂದಿದ್ದೆ” ಎಂದ.

ಸಂಜೆ ವಿಷಯ ಕೇಳಿ ತಂಗಿ ಕುದಿದುಹೋದಳು. “ಅಲ್ಲೇ ಉಗಿದು ಉಪ್ಪಿನಕಾಯಿ ಹಾಕೋದು ಬಿಟ್ಟು ಹಲ್ಲು ನೇರ ಮಾಡಿ ಬಂದೆಯಾ? ಅಗೀವಾಗೆಲ್ಲ ಚುಚ್ಚೋ ಹಾಗೆ ಮಾಡು ಅಕ್ಕಾ. ಒಂದು ಕೂದಲಷ್ಟು ಎತ್ತರ ಇಟ್ಟುಬಿಡು, ದಿನಾ ನಿನ್ನ ನೆನೀಲಿ!”

ಅದು ಹಲ್ಲಕ್ಕನಿಗೂ ಹೊಳೆದಿತ್ತು. ಹಲ್ಲಿನವರು ಸೇಡು ತೀರಿಸಿಕೊಳ್ಳುವುದು ಬಹಳ ಸುಲಭ. ಆದರೆ ಮರುದಿನ ಮೇಣದ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ, ಅಚ್ಚು ಬೇಯಿಸಿ, ಸೆಟ್ಟು ತೆಗೆದು, ಉಜ್ಜಿ, ಹೊಳಪು ಕೊಟ್ಟು, ಬೆರಳಿನಲ್ಲಿ ಸವರಿ ನೋಡಿದಾಗ ಎಲ್ಲೂ ತರಕಲಿರಲಿಲ್ಲ. ಅವನಿಗಾಗಿ ತನ್ನ ಆರು ವರ್ಷ ಹಾಳುಮಾಡಿಕೊಂಡದ್ದಾಗಿದೆ, ಕೈಕೆಲಸವನ್ನೂ ಹಾಳುಮಾಡಿಕೊಳ್ಳಲು ಮನಸ್ಸಾಗಲಿಲ್ಲ.

ಉಳಿದದ್ದು ಫೋಟೋ. ಲಕೋಟೆಗೆ ಹಾಕುವ ಮುಂಚೆ ಅದನ್ನು ಬೆಳಕಿಗೆ ಹಿಡಿದಳು. ಮೇಜಿನ ಖಾನೆಯಿಂದ ಕತ್ತರಿ ತೆಗೆದು, ಅವನ ಭುಜದ ಗುಂಟ, ಅವನಿಗೆ ಒಂದು ಎಳೆಯೂ ತಾಗದ ಹಾಗೆ, ನಾಲ್ಕು ಬೆರಳನ್ನು ಕತ್ತರಿಸಿಕೊಂಡಳು. ಅವನನ್ನು ಲಕೋಟೆಗೆ ಹಾಕಿ ಅಂಟಿಸಿದಳು. ಬೆರಳುಗಳು ಅವಳ ಪರ್ಸಿಗೆ ಹೋದವು.

ಸೆಟ್ಟು ತಲುಪಿದ ದಿನ ಮಧ್ಯಾಹ್ನ ಡಾಕ್ಟರಮ್ಮನ ಫೋನು ಬಂತು. ಹಲ್ಲು ಚೆನ್ನಾಗಿ ಕೂತಿವೆಯಂತೆ, ಒಂದು ತಕರಾರೂ ಇಲ್ಲ. “ಆದ್ರೆ ಅಕ್ಕಾ, ಆ ಫೋಟೋದಲ್ಲಿದ್ದ ಕೈ ಎಲ್ಲಿ ಅಂತ ಅವರ ಮನೆಯವರು ಕೇಳ್ತಿದ್ದಾರೆ. ಇಲ್ಲೇ ಕೂತಿದ್ದಾರೆ, ತುಂಬ ಬೇಜಾರು ಮಾಡ್ಕೊಂಡಿದ್ದಾರೆ. ಏನು ಹೇಳ್ಲಿ?”

ಆ ಹೆಂಗಸು ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿರುವುದು ಹಲ್ಲಕ್ಕನ ಕಣ್ಣಿಗೆ ಕಟ್ಟಿತು. ಅವಳಿಗೂ ಇದರಿಂದ ನೋಯುತ್ತದೆ. ನೋಯಲಿ. ಸೂಕ್ಷ್ಮ ಎಂದು ಒಬ್ಬಳ, ಗಟ್ಟಿ ಎಂದು ಇನ್ನೊಬ್ಬಳ ಬಾಯಿಯನ್ನು ಅವನು ಮುಚ್ಚಿಸಿದ್ದು ಸಾಕಾಗಿತ್ತು.

“ಯಾರ ಕೈಯೋ ಅವರು ವಾಪಸ್ ತಗೊಂಡ್ರು ಅಂತ ಹೇಳಿ.”

“ಅಕ್ಕಾ” ಎಂದರು ಡಾಕ್ಟರಮ್ಮ ತಗ್ಗಿದ ದನಿಯಲ್ಲಿ, “ನೀವು ಅಳ್ತಿದ್ದೀರಾ?”

ಹಲ್ಲಕ್ಕ ಕೆನ್ನೆ ಮುಟ್ಟಿ ನೋಡಿಕೊಂಡಳು. ಪಕ್ಕದ ಮೇಜಿನವರು ಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

“ಹೂಂ, ಅಳ್ತಿದ್ದೀನಿ” ಎಂದಳು. “ಅವರ ಯಜಮಾನ್ರಿಗೆ ಅದನ್ನೂ ಹೇಳಿ.”